ಕತ್ತಿ, ಕುದುರೆ ಇಲ್ಲದ ಅಬ್ಬಕ್ಕ: ನನ್ನ ಅನುಭವ

ಪೋರ್ಚುಗೀಸರ ವಿರುದ್ಧ ಹೋರಾಡಿದ ಉಳ್ಳಾಲದ ರಾಣಿ ಅಬ್ಬಕ್ಕನ ಮೇಲೆ ನಾನು ಮಾಡಿದ ನಲವತ್ತು ನಿಮಿಷದ ಡಾಕ್ಯುಮೆಂಟರಿಯನ್ನು ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರದಲ್ಲಿ ಜನ ಕೊನೆಯವರೆಗೆ ಕೂತು ನೋಡಿದರು. ಅದರಲ್ಲಿ ಕತ್ತಿ ಇಲ್ಲ, ಕುದುರೆ ಇಲ್ಲ, ಕಿರೀಟವೂ ಇಲ್ಲ. "ಹಾಗಾದ್ರೆ ನೋಡ್ಲಿಕ್ಕೆ ಎಂತ ಉಂಟು ಮಾರಾಯಾ?" ಅಂತ ಕೇಳದ ಗೆಳೆಯರಿರಲಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ದುಡ್ಡು ಹಾಕಲು ಬಂದವರ ಷರತ್ತೇ ಬೇರೆ ಇತ್ತು. ಯುದ್ಧ ಬೇಕು, ವೇಷ ಬೇಕು. ಬಾಡಿಗೆ ವೇಷ, ಒಂದು ಕುದುರೆ, ಇಪ್ಪತ್ತು ಸೈನಿಕರು, ಅವರ ಊಟ, ಗಾಡಿ. ಎರಡು ದಿನಕ್ಕೇ ಸುಮಾರು ಎಂಬತ್ತು ಸಾವಿರ ಹೋಯಿತು. ಎಡಿಟಿಂಗ್‌ಗೆ ಕೂತಾಗ ಅದರಲ್ಲಿ ಅರ್ಧ ನಿಮಿಷವೂ ಬಳಸುವ ಹಾಗಿರಲಿಲ್ಲ. ಬಿಸಿಲಿಗೆ ಗುರಾಣಿಯ ಬಣ್ಣ ಮಿಂಚುತ್ತಿತ್ತು, ಕುದುರೆ ಮರಳಲ್ಲಿ ಹೆಜ್ಜೆ ಇಡಲೇ ಒಪ್ಪಿರಲಿಲ್ಲ. ಆಮೇಲೆ ಬೇಕಲ ಕೋಟೆಯಲ್ಲಿ ತೆಗೆಯೋಣ ಅಂದರು. ಬೇಕಲ ಕೆಳದಿಯವರ ಕಾಲದ ಕೋಟೆ, 17ನೇ ಶತಮಾನದ ನಡುಭಾಗದ್ದು. ಅದಕ್ಕೂ ಮೊದಲೇ ನಡೆದ ಅಬ್ಬಕ್ಕನ ಯುದ್ಧಕ್ಕೆ ಅದನ್ನು ತೋರಿಸುವುದು ಹೇಗೆ? ಆಗುವುದಿಲ್ಲ ಅಂದೆ. ಅವರು ಹೋದರು, ಅವರ ದುಡ್ಡೂ ಹೋಯಿತು. ಕೊಡಬೇಕಾದ ಬಾಕಿ ನನ್ನ ತಲೆಗೆ ಬಂತು. ಆ ವರ್ಷದ ಅಡಿಕೆ ದುಡ್ಡು ಅಲ್ಲಿಗೇ ಮುಗಿಯಿತು.

ದಾರಿ ತೋರಿಸಿದ್ದು ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ. 1623ರಲ್ಲಿ ಮಂಗಳೂರಿಗೆ ಬಂದ ಈತ ಅಲ್ಲೇ ಹತ್ತಿರದ ಮಣೇಲ್‌ ಎಂಬ ಊರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಅವಳು ಬರಿಗಾಲಲ್ಲಿ ಅಗೆತದ ಕೆಲಸ ನೋಡಲು ಹೋಗುತ್ತಿದ್ದಳು. ತಲೆಯ ಮೇಲೆ ಓಲೆಯ ಕೊಡೆ ಹಿಡಿದಿದ್ದರು. ನೋಡಲು ಅಡಿಗೆಮನೆಯ ಆಳಿನ ಹಾಗಿದ್ದಾಳೆ, ಯುರೋಪಿನಲ್ಲಿ ಅಷ್ಟು ದೊಡ್ಡವನಾದ ಸ್ಪೇನಿನ ರಾಜನ ಸೈನ್ಯವನ್ನು ಸೋಲಿಸಿದವಳು ಇವಳೇನಾ ಅಂತ ಅವನಿಗೆ ಅನ್ನಿಸಿತು. ಪೋರ್ಚುಗಲ್ ಆಗ ಸ್ಪೇನಿನ ಕೈಯಲ್ಲಿತ್ತು. ಆದರೆ ಮಾತಾಡಿದಾಗ ಅವಳು ರಾಣಿ ಅಂತ ಗೊತ್ತಾಯಿತು, ಧ್ವನಿ ಚೆನ್ನಾಗಿತ್ತು, ಮಾತಲ್ಲಿ ವಿವೇಕವಿತ್ತು ಎಂದು ಬರೆದಿಟ್ಟಿದ್ದಾನೆ.

ನನಗೆ ಅಷ್ಟು ಸಾಕಾಯಿತು. ನೋಟಕ್ಕಿಂತ ಮಾತಲ್ಲಿ ರಾಣಿಯಾಗಿದ್ದವಳಿಗೆ ನಾನ್ಯಾಕೆ ವೇಷ ಕಟ್ಟಬೇಕು? 2003ರ ಅಂಚೆ ಚೀಟಿಯಲ್ಲಿರುವ ಮುಖವೂ ಕಲಾವಿದರ ಕಲ್ಪನೆಯೇ ಅಲ್ವಾ? ವೇಷ ಇಲ್ಲದೆ ಬರೀ ಮಾತಲ್ಲಿ ಪಾತ್ರ ನಿಲ್ಲಿಸುವ ತಾಳಮದ್ದಳೆ ನಮ್ಮ ಊರಲ್ಲೇ ಇದೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ತಾಳಮದ್ದಳೆಯಲ್ಲಿ ಅರ್ಥ ಹೇಳುವ, ಅಂದರೆ ಪಾತ್ರವಾಗಿ ಮಾತಾಡುವ ಒಬ್ಬರು ಅಕ್ಕ ಒಪ್ಪಿದರು, ನಿವೃತ್ತ ಟೀಚರ್. ಸ್ಕ್ರಿಪ್ಟ್ ಕೊಡಲಿಲ್ಲ. ಆರೇಳು ಪ್ರಸಂಗ ಮಾತ್ರ ಕೊಟ್ಟೆ. ಅಳಿಯಸಂತಾನದಲ್ಲಿ, ಅಂದರೆ ಹೆಣ್ಣಿನ ಕಡೆಯಿಂದ ಬಂದ ಪಟ್ಟ, ಗಂಡ ಬಂಗರಸನನ್ನು ಬಿಟ್ಟು ಅವನ ಒಡವೆ ವಾಪಸ್ ಕಳಿಸಿದ್ದು, ಅವನು ಪೋರ್ಚುಗೀಸರ ಕಡೆ ಹೋದದ್ದು, ಇವಳು ಇಕ್ಕೇರಿಯ ವೆಂಕಟಪ್ಪ ನಾಯಕನ ಸಹಾಯ ಪಡೆದದ್ದು, ಹೀಗೆ. ಅಬ್ಬಕ್ಕಂದಿರು ಒಬ್ಬರಿಗಿಂತ ಜಾಸ್ತಿ ಇದ್ದರು ಎಂಬ ಚರ್ಚೆಯನ್ನೂ ಮುಚ್ಚಿಡಲಿಲ್ಲ. ಅಕ್ಕನೇ ಅದನ್ನು ಎತ್ತಿಕೊಂಡು, "ನಮ್ಮಲ್ಲಿ ಯಾರು ಸತ್ತರೂ ಉಳ್ಳಾಲಕ್ಕೆ ರಾಣಿ ಇದ್ದಾಳೆ" ಅಂದುಬಿಟ್ಟರು. ಅದೇ ಟ್ರೇಲರ್ ಆಯಿತು.

ಮೊದಲ ರೆಕಾರ್ಡಿಂಗ್ ಭಾಗವತರು, ಚೆಂಡೆ ಸಮೇತ ಮಾಡಿದೆವು. ಕೇಳಿದರೆ ಪುರಾಣವೇ ಆಗಿತ್ತು, ಇತಿಹಾಸ ದೂರ ನಿಂತಿತ್ತು. ಚೆಂಡೆ ತೆಗೆದೆ, ಬರೀ ಮದ್ದಳೆ ಉಳಿಸಿದೆ, ಅದೂ ನಾಲ್ಕೇ ಕಡೆ. ಆಮೇಲೆ ಸೋಮೇಶ್ವರದ ಬಂಡೆಯ ಹತ್ತಿರ ಕೂರಿಸಿದೆವು. ಗಾಳಿ ಮಾತನ್ನೆಲ್ಲ ನುಂಗಿತು. ಬಾಡಿಗೆ ಮೈಕ್, ಮೇಲೆ ಉಣ್ಣೆಯ ಕವರ್, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಅಲೆಯ ಸದ್ದೂ ಮಾತೂ ಒಟ್ಟಿಗೆ, ಒಂದೇ ಜಾಗದಲ್ಲಿ ಸಿಕ್ಕಿತು. ಸ್ಟುಡಿಯೋದಲ್ಲಿ ಸೇರಿಸಿದ್ದಲ್ಲ. ಎಲ್ಲಿ, ಯಾವ ಹೊತ್ತಿಗೆ ಅಂತ ಮಾತ್ರ ಹೇಳುವುದಿಲ್ಲ. ಮಂಗಳೂರಿನ ಸೌಂಡ್‌ನವರೂ ಕೇಳಿ ಬಿಟ್ಟಿದ್ದಾರೆ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತು. ಅಬ್ಬಕ್ಕನ ಕಡೆಯವರು ಹಡಗಿಗೆ ಬೆಂಕಿ ಎಸೆಯುತ್ತಿದ್ದರು ಎಂಬ ಮಾತಿದೆಯಲ್ಲ, ಅದನ್ನು ನೋಡಿಯೇಬಿಡೋಣ ಅಂತ. ಒಣ ಮಡಲಿನ ಸೂಟೆ (ಪಂಜು) ಕಟ್ಟಿ, ದಡದಲ್ಲಿ ಹಳೇ ಬಟ್ಟೆಯ ಹಾಯಿಪಟ ನಿಲ್ಲಿಸಿ, ಮೀನುಗಾರ ಹುಡುಗರ ಕೈಯಲ್ಲಿ ಎಸೆಸಿದೆವು. ಬರೀ ಸೂಟೆ ಹಾರುವಾಗಲೇ ಆರಿತು. ತೆಂಗಿನೆಣ್ಣೆಯಲ್ಲಿ ಅದ್ದಿದ್ದು ಹತ್ತಿಕೊಂಡಿತು, ಆದರೆ ಸಂಜೆಯ ಗಾಳಿಯಲ್ಲಿ ಮಾತ್ರ. ಇದರಿಂದ ಇತಿಹಾಸ ಸಾಬೀತಾಗುವುದಿಲ್ಲ. ಚಿತ್ರದಲ್ಲಿ ಹತ್ತು ಸೆಕೆಂಡ್ ಇದೆ, ಮಕ್ಕಳು ಚಪ್ಪಾಳೆ ಹೊಡೆಯುವುದು ಅಲ್ಲೇ.

ಲೆಕ್ಕ ಹೀಗೆ. ಮೊದಲ ನಷ್ಟ ಸೇರಿ ಎರಡು ಲಕ್ಷದ ಆಸುಪಾಸು. ಅದು ಬಿಟ್ಟರೆ ಒಂದು ಲಕ್ಷ ಚಿಲ್ಲರೆ. ಜಾಸ್ತಿ ಹೋದದ್ದು ಧ್ವನಿಗೆ, ಕ್ಯಾಮರಾಕ್ಕಲ್ಲ. ನೀವು ಮಾಡುವುದಾದರೂ ಹಾಗೇ ಮಾಡಿ. ಡ್ರೋನ್‌ಗೆ ಅರ್ಧ ದಿನ ಸಾಕು. ವಾಚನಾಲಯ, ಕ್ಲಬ್‌ಗಳು ಒಂದು ಪ್ರದರ್ಶನಕ್ಕೆ ಎರಡು ಮೂರು ಸಾವಿರ ಕೊಟ್ಟವು. ಗಲ್ಫ್‌ನಲ್ಲಿರುವ ನಮ್ಮೂರಿನವರು ಅದರ ಹತ್ತು ಪಟ್ಟು ಕೊಟ್ಟರು. ಮಲಯಾಳಂ ಸಬ್‌ಟೈಟಲ್ ಹಾಕಿದ ಮೇಲೆ ಇಲ್ಲಿನ ಮಲಯಾಳಂ ಮೀಡಿಯಂ ಶಾಲೆಗಳಿಂದಲೂ ಕರೆ ಬಂತು. ಧ್ವನಿ ಕನ್ನಡದ್ದೇ ಇರಲಿ ಅಂತ ಅವರೇ ಹೇಳಿದರು. ಮುಕ್ಕಾಲು ಪಾಲು ದುಡ್ಡು ವಾಪಸ್ ಬಂದಿದೆ.

ಮುಂದಿನದು ಕಯ್ಯೂರಿನ ರೈತ ಹೋರಾಟ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದ ನಾಲ್ವರ ಕತೆ. ಐದನೆಯವನಿಗೂ ಮರಣದಂಡನೆ ಆಗಿತ್ತು, ವಯಸ್ಸು ಕಡಿಮೆ ಎಂದು ಗಲ್ಲು ತಪ್ಪಿತು. ಅವನ ಬಾಯಲ್ಲೇ ಕತೆ ಹೇಳಿಸಬೇಕು ಅಂತಿದ್ದೇನೆ. ಮಲಯಾಳಂ, ಕನ್ನಡ ಎರಡರಲ್ಲೂ ಅರ್ಥ ಹೇಳಬಲ್ಲ ಇಪ್ಪತ್ತರ ಒಳಗಿನ ಹುಡುಗ ಬೇಕು. ಯಾರಾದರೂ ಗೊತ್ತಿದ್ದರೆ ಹೇಳಿ, ಸಂಭಾವನೆ ಮೊದಲೇ ಕೊಡುತ್ತೇನೆ.