ಮನೆಯ ಕಂಪ್ಯೂಟರ್‌ಗೆ ಕಾವಲು ಆರಿಸಿದ್ದು ಹೀಗೆ: ನನ್ನ ಅನುಭವ

ಶುರುವಾಗಿದ್ದು ತಂಗಿಯ ಮಾತಿನಿಂದ. "ಅಣ್ಣಾ, ನಾನು ಹುಡುಕೋದೇ ಒಂದು, ಬರೋದೇ ಇನ್ನೊಂದು. ಸ್ವಲ್ಪ ಬಂದು ನೋಡು" ಅಂದಳು.

ಹೋಗಿ ನೋಡಿದೆ. ಬ್ರೌಸರ್‌ನಲ್ಲಿ ಏನೇ ಟೈಪ್ ಮಾಡಿ ಎಂಟರ್ ಒತ್ತಿದರೂ ಅಡ್ರೆಸ್ ಬಾರ್‌ನಲ್ಲಿ ಯಾವುದೋ ಗೊತ್ತಿಲ್ಲದ ಹೆಸರು ಒಂದು ಕ್ಷಣ ಮಿಂಚಿ ಹೋಗುತ್ತಿತ್ತು, ಆಮೇಲೆ ನಾವು ಎಂದೂ ಕಂಡಿರದ ಸರ್ಚ್ ಪುಟ ತೆರೆಯುತ್ತಿತ್ತು. ಪರದೆಯ ಮೂಲೆಯಲ್ಲಿ ಆಗಾಗ "ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ, ಈಗಲೇ ಕ್ಲೀನ್ ಮಾಡಿ" ಅನ್ನುವ ಸೂಚನೆ ಬೇರೆ. ಬ್ಯಾಂಕಿನ ಕೆಲಸ, ಇಮೇಲ್, ಮನೆಯವರ ಫೋಟೊ ಎಲ್ಲ ಇರುವುದು ಆ ಒಂದೇ ಕಂಪ್ಯೂಟರ್‌ನಲ್ಲಿ. ನಿಜವಾಗಿ ಭಯವಾಯಿತು.

ಮೊದಲು ಮಾಡಿದ ಕೆಲಸ ವೈಫೈ ಆಫ್. ಎರಡನೆಯದು, ಫೋನಿನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿದ್ದು. ಫೋನಿನಿಂದಲೇ ಯಾಕೆ ಅಂದರೆ, ಸ್ಪೈವೇರ್‌ನಲ್ಲಿ (ನಮಗೆ ಗೊತ್ತಾಗದಂತೆ ಮಾಹಿತಿ ಕದಿಯುವ ಸಾಫ್ಟ್‌ವೇರ್) ಕೀಲಾಗರ್ ಅಂತ ಒಂದು ಜಾತಿ ಇದೆ, ನಾವು ಒತ್ತಿದ ಪ್ರತಿ ಕೀಯನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಅಂಥದ್ದು ಒಳಗಿದ್ದರೆ ಹೊಸ ಪಾಸ್‌ವರ್ಡ್ ಕೂಡ ಹೋಯಿತು ಅಂತಲೇ ಅರ್ಥ. ಜೊತೆಗೆ ಇಮೇಲ್ ಖಾತೆಯ ಸೆಟ್ಟಿಂಗ್‌ಗೆ ಹೋಗಿ, ಲಾಗಿನ್ ಆಗಿದ್ದ ಎಲ್ಲ ಕಡೆಯಿಂದಲೂ ಸೈನ್ ಔಟ್ ಮಾಡಿದೆ. ಈ ಹೆಜ್ಜೆ ತುಂಬಾ ಜನ ಮಾಡುವುದಿಲ್ಲ. ಈಗಿನ ಸ್ಪೈವೇರ್‌ಗಳಲ್ಲಿ ಕೆಲವು ಪಾಸ್‌ವರ್ಡ್ ಜೊತೆಗೆ ಬ್ರೌಸರ್‌ನ ಕುಕೀಗಳನ್ನೂ (ನಾವು ಲಾಗಿನ್ ಆಗಿದ್ದೇವೆ ಅಂತ ಸೈಟಿಗೆ ನೆನಪಿಸುವ ಪುಟ್ಟ ಗುರುತುಗಳು) ಕದಿಯುತ್ತವೆ. ಕುಕೀ ಕೈಗೆ ಸಿಕ್ಕಿದರೆ ಪಾಸ್‌ವರ್ಡ್ ಇಲ್ಲದೆಯೂ ನಿಮ್ಮ ಖಾತೆಯೊಳಗೆ ಬರಬಹುದು.

ಆಮೇಲೆ ಸಾಫ್ಟ್‌ವೇರ್ ಹುಡುಕಾಟ. ಫೋನಿನಲ್ಲೇ ಹುಡುಕಿದೆ. ಮೇಲೆ ಬಂದ ಮೊದಲ ಕೆಲವು ಫಲಿತಾಂಶಗಳೆಲ್ಲ ಜಾಹೀರಾತು. ಅಲ್ಲಿಗೇ ನಿಂತೆ. ಕಳ್ಳರು ಸರ್ಚ್ ಜಾಹೀರಾತುಗಳನ್ನು ಕೊಂಡು, ಅಸಲಿ ಕಂಪನಿಯದೇ ಅನ್ನಿಸುವಂಥ ನಕಲಿ ಪುಟಗಳಿಗೆ ಜನರನ್ನು ಎಳೆಯುತ್ತಿದ್ದಾರೆ ಅಂತ ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲೇ ಎಚ್ಚರಿಸಿತ್ತು. ಜಾಹೀರಾತು ತಡೆಯುವ ಆ್ಯಡ್ ಬ್ಲಾಕರ್ ಹಾಕಿಕೊಳ್ಳಿ ಅಂತಲೂ ಅದರಲ್ಲೇ ಹೇಳಿತ್ತು. ಸ್ಪೈವೇರ್ ತೆಗೆಯುವ ಸಾಫ್ಟ್‌ವೇರ್ ಅಂತ ಹೇಳಿಕೊಂಡು ಬರುವ ಸ್ಪೈವೇರ್ ಹಳೇ ಕಾಲದಿಂದಲೂ ಇದೆ. ಹೆದರಿಸುತ್ತದೆ, ಇಲ್ಲದ ರೋಗ ತೋರಿಸುತ್ತದೆ, ದುಡ್ಡು ಕೇಳುತ್ತದೆ.

ಹೀಗೆ ಯೋಚಿಸುತ್ತಾ ಕೂತಾಗ ನನ್ನ ಪ್ರಶ್ನೆಯೇ ಬದಲಾಯಿತು. ಯಾವುದು ಜಾಸ್ತಿ ವೈರಸ್ ಹಿಡಿಯುತ್ತದೆ ಅಂತ ಕೇಳುವುದಕ್ಕಿಂತ ಮುಂಚೆ, ಯಾರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದೇನೆ ಅಂತ ಕೇಳಬೇಕು ಅಲ್ವಾ? ಆ್ಯಂಟಿವೈರಸ್ ಅನ್ನುವುದು ಪ್ರತಿ ಫೈಲನ್ನೂ ತೆರೆದು ನೋಡುತ್ತದೆ. ಎಷ್ಟೋ ಆ್ಯಂಟಿವೈರಸ್‌ಗಳು ನಾವು ಹೋಗುವ ವೆಬ್ ವಿಳಾಸಗಳನ್ನೂ ನೋಡುತ್ತವೆ. ಸ್ಪೈವೇರ್‌ಗೆ ಸಿಗುವುದಕ್ಕಿಂತ ಜಾಸ್ತಿ ಅಧಿಕಾರವನ್ನು ನಾವೇ ಕೈಯಾರೆ ಕೊಡುತ್ತೇವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡೋದು? ಇದು ಬರೀ ಅನುಮಾನವಲ್ಲ. ಅವಾಸ್ಟ್ ಅನ್ನುವ ಆ್ಯಂಟಿವೈರಸ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ಅಂಗಸಂಸ್ಥೆಯ ಮೂಲಕ ಮಾರಿತ್ತು ಅಂತ ಅಮೆರಿಕದ ಗ್ರಾಹಕ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆರೋಪ ಹೊರಿಸಿತು. 2024ರಲ್ಲಿ ಆ ಪ್ರಕರಣ 1.65 ಕೋಟಿ ಡಾಲರ್ ಪಾವತಿಯ ಒಪ್ಪಂದದೊಂದಿಗೆ ಮುಗಿಯಿತು. ಜಂಪ್‌ಶಾಟ್ 2020ರಲ್ಲೇ ಮುಚ್ಚಿತ್ತು, ಆ ಮಾತು ಬೇರೆ. ಇದನ್ನು ಓದಿದ ಮೇಲೆ "ಪುಕ್ಕಟೆ" ಅನ್ನುವ ಪದ ಕಂಡಾಗಲೆಲ್ಲ ಈ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡುವುದು ನನಗೆ ಅಭ್ಯಾಸವಾಗಿದೆ.

ಹಿಡಿಯುವ ಸಾಮರ್ಥ್ಯಕ್ಕೆ ಕಂಪನಿಗಳ ಜಾಹೀರಾತು ಬಿಟ್ಟು ಪರೀಕ್ಷಾ ಸಂಸ್ಥೆಗಳ ವರದಿ ನೋಡಿದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎರಡೂ ಫಲಿತಾಂಶಗಳನ್ನು ಪುಕ್ಕಟೆಯಾಗಿ ಓದಲು ಬಿಡುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆ ಅಂತ ಮೂರು ವಿಭಾಗಕ್ಕೆ ತಲಾ 6ರಂತೆ ಒಟ್ಟು 18 ಅಂಕ ಇಟ್ಟಿದೆ. ಬಳಕೆ ಅನ್ನುವ ವಿಭಾಗದಲ್ಲಿ ಅವರು ನೋಡುವುದು, ಒಳ್ಳೆಯ ಸಾಫ್ಟ್‌ವೇರನ್ನು ತಪ್ಪಾಗಿ ಕೆಟ್ಟದ್ದು ಅಂದಿದೆಯಾ ಅಂತ. ವರದಿ ತೆರೆದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಹೆಸರಾಂತ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು 18ರ ಆಸುಪಾಸಿನಲ್ಲೇ ಇವೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಕೂಡ ಅದೇ ಸಾಲಿನಲ್ಲಿ. ಅರ್ಧ ಅಂಕದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ನಿಸಿತು.

ಡಿಫೆಂಡರ್ ಬಗ್ಗೆ "ಅದು ಸುಮ್ನೆ ಹೆಸರಿಗೆ ಇರೋದು" ಅನ್ನುವ ಮಾತು ಇನ್ನೂ ಓಡಾಡುತ್ತದೆ. ಒಂದು ಕಾಲಕ್ಕೆ ಅದರಲ್ಲಿ ಸ್ವಲ್ಪ ನಿಜವಿತ್ತು. 2004ರಲ್ಲಿ ಮೈಕ್ರೋಸಾಫ್ಟ್ ಜಯಂಟ್ ಅನ್ನುವ ಕಂಪನಿಯನ್ನು ಕೊಂಡು, ಅವರ ಆ್ಯಂಟಿಸ್ಪೈವೇರನ್ನೇ ಡಿಫೆಂಡರ್ ಆಗಿ ಬೆಳೆಸಿತು. ವೈರಸ್ ಕೂಡ ಹಿಡಿಯುವ ಪೂರ್ತಿ ಆ್ಯಂಟಿವೈರಸ್ ಆಗಿದ್ದು 2012ರ ವಿಂಡೋಸ್ 8ರಲ್ಲಿ. ಅಂದರೆ ಹುಟ್ಟಿದ್ದೇ ಸ್ಪೈವೇರ್ ಹಿಡಿಯಲು. ನಾನು ವಿಂಡೋಸನ್ನು ಹೇಗೂ ನಂಬಿ ಕೂತಿದ್ದೇನೆ, ಹೊಸದಾಗಿ ಇನ್ನೊಬ್ಬರಿಗೆ ಬಾಗಿಲು ತೆರೆಯುವುದು ಬೇಡ ಅಂತ ಡಿಫೆಂಡರ್ ಕಡೆಗೇ ವಾಲಿದೆ.

ಆದರೆ ನಮ್ಮ ಕಂಪ್ಯೂಟರ್‌ನಲ್ಲಿ ಡಿಫೆಂಡರ್ ಕೆಲಸವನ್ನೇ ಮಾಡುತ್ತಿರಲಿಲ್ಲ! ಕಂಪ್ಯೂಟರ್ ಜೊತೆ ಬಂದಿದ್ದ ಬೇರೊಂದು ಟ್ರಯಲ್ ಆ್ಯಂಟಿವೈರಸ್ ಒಳಗೆ ಕೂತಿತ್ತು, ಹಾಗೆ ಇನ್ನೊಂದು ಇದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಒಂದೇ ಹೊತ್ತಿಗೆ ಎರಡು ಆ್ಯಂಟಿವೈರಸ್ ಒಂದೇ ಫೈಲಿಗೆ ಕೈ ಹಾಕಿದರೆ ಕಂಪ್ಯೂಟರ್ ತೆವಳತೊಡಗುತ್ತದೆ, ಅದಕ್ಕೇ ಈ ಏರ್ಪಾಡು. ಟ್ರಯಲ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಗುರುತು ಬಂತು. ಅಪ್‌ಡೇಟ್ ಮಾಡಿಸಿ ಫುಲ್ ಸ್ಕ್ಯಾನ್ ಹಾಕಿದೆ, ಆಮೇಲೆ ಆಫ್‌ಲೈನ್ ಸ್ಕ್ಯಾನ್. ಈ ಆಫ್‌ಲೈನ್ ಸ್ಕ್ಯಾನ್ ವಿಂಡೋಸ್ ಪೂರ್ತಿ ಏಳುವ ಮೊದಲೇ ನಡೆಯುತ್ತದೆ, ಹಾಗಾಗಿ ಬಚ್ಚಿಟ್ಟುಕೊಳ್ಳುವ ಜಾತಿಯವು ತಪ್ಪಿಸಿಕೊಳ್ಳುವುದು ಕಷ್ಟ. ಸುಮಾರು 15 ನಿಮಿಷದ ಕೆಲಸ.

ಎರಡು ಫೈಲ್ ಸಿಕ್ಕವು. ಆದರೂ ಸರ್ಚ್ ಪುಟ ಹಾಗೆಯೇ ಇತ್ತು.

ಇನ್ನೊಂದು ಅಭಿಪ್ರಾಯ ಬೇಕು ಅಂತ ಮಾಲ್‌ವೇರ್‌ಬೈಟ್ಸ್ ಅನ್ನುವ ಇನ್ನೊಂದು ಸ್ಕ್ಯಾನರ್ ಇಳಿಸಿಕೊಂಡೆ, ಅವರದೇ ವಿಳಾಸವನ್ನು ಕೈಯಾರೆ ಟೈಪ್ ಮಾಡಿ. ಅದರ ಪುಕ್ಕಟೆ ಆವೃತ್ತಿ ನಾವು ಹೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ, ಸದಾ ಕಾವಲು ಕಾಯುವುದಿಲ್ಲ. ನನಗೆ ಬೇಕಿದ್ದದ್ದೂ ಅದೇ, ಯಾಕೆಂದರೆ ಡಿಫೆಂಡರ್ ಜೊತೆ ಜಗಳ ಇಲ್ಲ. ಅದು ಇನ್ನಷ್ಟು ಕಸ ತೆಗೆಯಿತು.

ನಿಜವಾದ ಕಳ್ಳ ಸಿಕ್ಕಿದ್ದು ಬ್ರೌಸರ್‌ನ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಪಟ್ಟಿಯಲ್ಲಿ. ಪಿಡಿಎಫ್ ಬದಲಾಯಿಸಿಕೊಡುವ ಒಂದು ಪುಟ್ಟ ಎಕ್ಸ್‌ಟೆನ್ಷನ್. "ಅದು ಕಾಲೇಜಿನ ಅಸೈನ್‌ಮೆಂಟ್‌ಗೆ ಹಾಕಿದ್ದೆ ಅಣ್ಣಾ" ಅಂದಳು ತಂಗಿ. ವಿವರ ತೆರೆದರೆ ಅನುಮತಿಯ ಜಾಗದಲ್ಲಿ ಒಂದೇ ಸಾಲು: ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಎಲ್ಲ ಡೇಟಾ ಓದುವುದು ಮತ್ತು ಬದಲಾಯಿಸುವುದು. ಒಂದು ಪಿಡಿಎಫ್ ಬದಲಾಯಿಸಲು ನನ್ನ ಬ್ಯಾಂಕಿನ ಪುಟ ಯಾಕೆ ಓದಬೇಕು? ತೆಗೆದು ಹಾಕಿದೆ. ಬ್ರೌಸರ್ ಸಿಂಕ್ (ಒಂದೇ ಖಾತೆಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸೆಟ್ಟಿಂಗ್ ಇಡುವ ಸೌಲಭ್ಯ) ಆನ್ ಇದ್ದರೆ ಇನ್ನೊಂದು ಕಂಪ್ಯೂಟರ್‌ನಿಂದ ಅದೇ ಎಕ್ಸ್‌ಟೆನ್ಷನ್ ತಿರುಗಿ ಬರಬಹುದು, ಅದನ್ನೂ ನೋಡಿಕೊಂಡೆ. ಮೂಲೆಯಲ್ಲಿ ಹೆದರಿಸುತ್ತಿದ್ದ ಸೂಚನೆ ವೈರಸ್ ಅಲ್ಲವೇ ಅಲ್ಲ, ಯಾವುದೋ ಸೈಟಿಗೆ ನೋಟಿಫಿಕೇಷನ್ ಕಳಿಸಲು ನಾವೇ "ಅಲೋ" ಒತ್ತಿದ್ದೆವು. ಅನುಮತಿ ವಾಪಸ್ ಪಡೆದ ತಕ್ಷಣ ನಿಂತಿತು.

ಮಾರನೇ ದಿನ ಬೆಳಿಗ್ಗೆ ಒಂದು ಕಪ್ಪು ಕಿಟಕಿ ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚಿತು. ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ಅನ್ನುವ ಪುಕ್ಕಟೆ ಟೂಲ್ ಇದೆ. ಕಂಪ್ಯೂಟರ್ ಆನ್ ಆದಾಗ ತಾನಾಗಿ ಏನೇನು ಓಡುತ್ತದೆ ಅಂತ ಎಲ್ಲವನ್ನೂ ಒಂದು ಕಡೆ ತೋರಿಸುತ್ತದೆ. ಮೈಕ್ರೋಸಾಫ್ಟ್‌ನ ಸಾಲುಗಳನ್ನು ಮರೆಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಅದರಲ್ಲಿ ಹಳದಿ ಸಾಲು ಅಂದರೆ ಆ ಫೈಲೇ ಈಗ ಇಲ್ಲ ಅಂತ, ಗುಲಾಬಿ ಸಾಲು ಅಂದರೆ ತಯಾರಕರ ಗುರುತು ಸರಿಯಾಗಿ ಸಿಗುತ್ತಿಲ್ಲ ಅಂತ. ಶೆಡ್ಯೂಲ್ಡ್ ಟಾಸ್ಕ್ಸ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸಗಳು) ಭಾಗದಲ್ಲಿ ಒಂದು ಗುಲಾಬಿ ಸಾಲಿತ್ತು. ಹೆಸರಿನಲ್ಲಿ ಅಪ್‌ಡೇಟ್ ಅಂತ ಇದೆ, ಓಡುತ್ತಿರುವುದು ಆ್ಯಪ್‌ಡೇಟಾ ಅನ್ನುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರಿನಿಂದ. ಗುಲಾಬಿ ಇದ್ದದ್ದೆಲ್ಲ ಕೆಟ್ಟದ್ದಲ್ಲ, ದಯವಿಟ್ಟು ಒಂದೇ ಏಟಿಗೆ ಡಿಲೀಟ್ ಮಾಡಬೇಡಿ. ನಾನು ಮೊದಲು ಟಿಕ್ ಮಾತ್ರ ತೆಗೆದೆ. ಎರಡು ದಿನ ನೋಡಿದೆ, ಯಾವ ಕೆಲಸವೂ ನಿಲ್ಲಲಿಲ್ಲ, ಕಪ್ಪು ಕಿಟಕಿಯೂ ಬರಲಿಲ್ಲ. ಆಮೇಲೆ ಅಳಿಸಿದೆ.

ಈಗ ಇರುವ ವ್ಯವಸ್ಥೆ ಇಷ್ಟೇ. ಸದಾ ಕಾವಲಿಗೆ ಡಿಫೆಂಡರ್. ಅದರಲ್ಲಿ "ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್" (ವೈರಸ್ ಅಲ್ಲದಿದ್ದರೂ ಕಾಟ ಕೊಡುವ ಬೇಡದ ಆ್ಯಪ್) ತಡೆಯುವ ಸ್ವಿಚ್ ನಮ್ಮಲ್ಲಿ ಆಫ್ ಆಗಿತ್ತು, ಆನ್ ಮಾಡಿದ್ದೇನೆ. ನಮಗೆ ಆದಂಥ ಕಾಟ ಬಹುಪಾಲು ಈ ಗುಂಪಿನದೇ, ಹಾಗಾಗಿ ನಿಮ್ಮಲ್ಲೂ ಒಮ್ಮೆ ನೋಡಿ. ತಿಂಗಳಿಗೊಮ್ಮೆ ಮಾಲ್‌ವೇರ್‌ಬೈಟ್ಸ್ ಸ್ಕ್ಯಾನ್. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಯುಬ್ಲಾಕ್ ಒರಿಜಿನ್ ಅನ್ನುವ ಆ್ಯಡ್ ಬ್ಲಾಕರ್. ತಂಗಿಗೂ ನನಗೂ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ. ಏನಾದರೂ ಇನ್‌ಸ್ಟಾಲ್ ಆಗಲು ಹೊರಟು ಅಡ್ಮಿನ್ ಹಕ್ಕು ಬೇಡಿದರೆ ಪಾಸ್‌ವರ್ಡ್ ಕೇಳುತ್ತದೆ, ಆ ಒಂದು ಕ್ಷಣದಲ್ಲಿ ಯೋಚಿಸಲು ಸಮಯ ಸಿಗುತ್ತದೆ.

ಕಾವಲು ಎಚ್ಚರವಾಗಿದೆಯಾ ಅಂತ ನೋಡಲು ಐಕಾರ್ ಪರೀಕ್ಷಾ ಫೈಲ್ ಬಳಸಿದೆ. ಅದು 68 ಅಕ್ಷರಗಳ ಒಂದು ಸಾಲು ಅಷ್ಟೇ. ಏನೂ ಹಾನಿ ಮಾಡುವುದಿಲ್ಲ, ಆದರೆ ವೈರಸ್ ಅಂತಲೇ ಎಣಿಸಬೇಕು ಅಂತ ಆ್ಯಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ಸೇವ್ ಒತ್ತಿದೆ. ಡಿಫೆಂಡರ್ ತಕ್ಷಣ ಸೂಚನೆ ಕೊಟ್ಟಿತು, ಫೈಲ್ ಡೆಸ್ಕ್‌ಟಾಪ್‌ನಿಂದ ಮಾಯ. ಪಕ್ಕದಲ್ಲೇ ನಿಂತಿದ್ದ ತಂಗಿ "ಇನ್ನೊಂದ್ಸಲ ಮಾಡು ಅಣ್ಣಾ" ಅಂದಳು. ಮಾಡಿದೆ. ಮತ್ತೆ ಹಿಡಿಯಿತು.