ಲಾಕ್‌ಡೌನ್ ಮುಗಿದರೂ ಹೊಸ್ತಿಲು ದಾಟಲು ಅಂಜುವ ಹಿರಿಯರಿಗೆ ಜೊತೆಯಾಗುವ ಬಗೆ

2020ರ ಮಾರ್ಚ್ 25ರಂದು ದೇಶದಾದ್ಯಂತ ಆರಂಭವಾದ ಲಾಕ್‌ಡೌನ್ ಎಂದೋ ಮುಗಿದಿದ್ದರೂ, ಅಂದು ಮನಸ್ಸಿಗೆ ಅಂಟಿಕೊಂಡ ಕೊರೊನಾ ಸೋಂಕಿನ ಭಯವನ್ನು ಬಿಡಲಾಗದ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ನನ್ನ ಸೋದರತ್ತೆ ಹಾಲಿನ ಪೊಟ್ಟಣವನ್ನು ಸೋಪಿನ ನೀರಿನಲ್ಲಿ ತೊಳೆಯುವುದನ್ನೂ ಗೇಟಿನ ಚಿಲಕವನ್ನು ಸೆರಗಿನಿಂದಲೇ ಹಿಡಿಯುವುದನ್ನೂ ವರ್ಷಗಟ್ಟಲೆ ಕಂಡಿದ್ದೇನೆ. ಗದರಿದರೆ ಅಂಜಿಕೆ ಕಡಿಮೆಯಾಗುವುದಿಲ್ಲ. ಅದನ್ನು ಹೇಳಿಕೊಳ್ಳುವುದಷ್ಟೇ ನಿಲ್ಲುತ್ತದೆ.

ಮೊದಲು ಅವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿ. ಬಳಿಕ ಅತಿ ಕಡಿಮೆ ಅಂಜಿಕೆ ಹುಟ್ಟಿಸುವ ಕೆಲಸದಿಂದ ಆರಂಭಿಸಿ: ಕೆಲವು ದಿನ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವುದು, ಅದು ಸಲೀಸಾದ ಮೇಲೆ ಬೀದಿಯ ತುದಿಯವರೆಗೆ ನಡೆಯುವುದು, ಆಮೇಲೆ ಜನ ವಿರಳವಾಗಿರುವ ಹೊತ್ತಿನಲ್ಲಿ ದೇವಸ್ಥಾನಕ್ಕೆ ಹೋಗಿಬರುವುದು. ಪ್ರತಿ ಹಂತದಲ್ಲೂ ಎದೆಬಡಿತ ತಾನಾಗಿಯೇ ಇಳಿಯುವವರೆಗೆ ಅಲ್ಲಿಯೇ ಅವರ ಪಕ್ಕದಲ್ಲಿರಿ, ಏಕೆಂದರೆ ಭಯ ಏರಿದೊಡನೆ ಮನೆಗೆ ಮರಳಿದರೆ, ಮರಳಿದ್ದರಿಂದಲೇ ಉಳಿದುಕೊಂಡೆವೆಂಬ ನಂಬಿಕೆ ಗಟ್ಟಿಯಾಗುತ್ತದೆ. ಮಾಸ್ಕ್ ಬೇಕೆಂದರೆ ಧರಿಸಲಿ, ಅದಕ್ಕಾಗಿ ವಾದ ಬೇಡ.

ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೆ, ಅಥವಾ ಬದುಕು ಸಾಕೆಂಬ ಮಾತು ಬಂದರೆ ಆ ಕ್ಷಣವೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.