ಒಂದೇ ಬೇರಿನ ಜೋಡಿ ಪದ ಹಿಡಿಯೋದು ಹೇಗೆ

ಮುಂಬೈಲಿರೋ ಕನ್ನಡದವರಿಗೆ ಈ ಆಟ ಸ್ವಲ್ಪ ಸುಲಭ, ಮನೇಲಿ ಕನ್ನಡ, ಲೋಕಲ್‌ನಲ್ಲಿ ಮರಾಠಿ, ಆಫೀಸಲ್ಲಿ ಹಿಂದಿ ಇಂಗ್ಲಿಷು ಅಂತ ಎಲ್ಲಾ ಕಿವಿಗೆ ಬೀಳ್ತಾನೇ ಇರತ್ತೆ. ಒಂದೇ ಮೂಲದ ಪದ ಎರಡು ದಾರೀಲಿ ಬಂದು ಒಂದೇ ಭಾಷೇಲಿ ಎರಡಾಗಿ ಕೂತಿರತ್ತಲ್ಲ, ಅದನ್ನ ಪತ್ತೆ ಹಚ್ಚೋದು.

ಮೊದಲು ಯಾತ್ರೆ, ಜಾತ್ರೆ ತಗೊಳ್ಳಿ. ಎರಡೂ ಸಂಸ್ಕೃತದ ಯಾತ್ರಾನೇ, ಒಂದು ಹೆಚ್ಚುಕಮ್ಮಿ ಇದ್ದ ಹಾಗೇ ಬಂತು, ಇನ್ನೊಂದು ಪ್ರಾಕೃತದ ಬಾಯಿಗೆ ಸಿಕ್ಕಿ ಯ ಹೋಗಿ ಜ ಆಯ್ತು. ಮರಾಠೀಲೂ ಅಷ್ಟೇ, ಕಾಶಿಗೆ ಯಾತ್ರಾ, ಕೊಂಕಣದ ಆಂಗಣೇವಾಡಿ ದೇವಿಗೆ ಜತ್ರಾ. ಈಗ ಅದಲುಬದಲು ಮಾಡಿ ನೋಡಿ, "ಅಜ್ಜಿ ಕಾಶಿ ಜಾತ್ರೆಗೆ ಹೋದ್ರು" ಅಂದ್ರೆ ನಗ್ತಾರೆ. ಹಾಗೆ ಅರ್ಥ ಕವಲೊಡೆದಿದ್ರೇನೇ ಮಜಾ, ಧ್ವನಿ-ದನಿ ಥರದ್ದೂ ಜೋಡೀನೇ ಆದ್ರೆ ನನಗೆ ಸಪ್ಪೆ.

ಆಮೇಲೆ ಅಕ್ಷರ ಬದಲಾಗೋ ರೀತಿ ಗಮನಿಸಿ. ವ ಇದ್ದಲ್ಲಿ ಬ ಬರತ್ತೆ, ವರ್ಣ-ಬಣ್ಣ, ವಸತಿ-ಬಸದಿ. ಕಷ್ಟದ ಒತ್ತು ಸಲೀಸಾಗತ್ತೆ, ಪಕ್ಷ-ಪಕ್ಕ. ಅದರ ಮೇಲೆ ಕನ್ನಡದ್ದೇ ಒಂದು ಚಾಳಿ, ಹಳೇ ಪ ಹೋಗಿ ಹ ಆಗೋದು, ಪರ್ವ ಪಬ್ಬ ಆಗಿ ಹಬ್ಬ ಆಯ್ತು. ಇದೇನು ಹೊಸ ಶೋಧ ಅಲ್ಲ ಮತ್ತೆ, ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಇದಕ್ಕೇ ಅಪಭ್ರಂಶ ಪ್ರಕರಣ ಅಂತ ಬರೆದಿಟ್ಟಿದ್ದಾನೆ.

ಇಂಗ್ಲಿಷಿಂದ ಬಂದಿದ್ದನ್ನೂ ಬಿಡಬೇಡಿ. ಮುಂಬೈನ ಲ್ಯಾಮಿಂಗ್ಟನ್ ರೋಡಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯವನು ಗ್ಯಾರಂಟಿ ಇಲ್ಲ, ವಾರಂಟಿ ಇದೆ ಅಂತಾನಲ್ಲ, ಎರಡೂ ಒಂದೇ ಪದ, ಉತ್ತರ ಫ್ರಾನ್ಸಿನ ಕಡೆ ವ ಉಳೀತು, ಪ್ಯಾರಿಸ್ ಕಡೆ ಗ ಆಯ್ತು, ಇಂಗ್ಲಿಷರು ಎರಡನ್ನೂ ತಗೊಂಡ್ರು. ನನ್ನ ಫೇವರಿಟ್ ಮಾತ್ರ ಸಕ್ಕರೆ. ಸಂಸ್ಕೃತದ ಶರ್ಕರಾ ಪ್ರಾಕೃತದಿಂದ ನಮಗೆ ಸಕ್ಕರೆ ಆಗಿ ಬಂತು, ಅದೇ ಪರ್ಶಿಯಾ, ಅರಬ್ಬರು, ಯುರೋಪು ಅಂತ ಸುತ್ತಿ ಶುಗರ್ ಆಗಿ ವಾಪಸ್ ಬಂತು, ಈಗ ಚಹಾಕ್ಕೆ ಸಕ್ಕರೆ, ರಕ್ತದಲ್ಲಿ ಶುಗರ್! ಇಂಗ್ಲಿಷಲ್ಲಿ ಬೆಲ್ಲಕ್ಕೆ ಹೇಳೋ ಜ್ಯಾಗರಿನೂ ಇದೇ ವಂಶ, ಮಲಯಾಳದ ಚಕ್ಕರ ಪೋರ್ಚುಗೀಸರ ಬಾಯಲ್ಲಿ ಹಾಗಾಗಿದ್ದು.

ಹಾಗಂತ ಒಂದೇ ಥರ ಕೇಳಿಸಿದ್ದೆಲ್ಲಾ ಜೋಡಿ ಅಲ್ಲ. ವಡಾಪಾವ್‌ನ ಪಾವ್ ಪೋರ್ಚುಗೀಸರ ಬ್ರೆಡ್ಡು, ಪಾವ್ ಕಿಲೋದ ಪಾವ್ ಸಂಸ್ಕೃತದ ಪಾದ, ಅಂದ್ರೆ ಕಾಲು ಭಾಗ. ಸಂಬಂಧಾನೇ ಇಲ್ಲ. ಅದಕ್ಕೇ ಕೊನೇಲಿ ನಿಘಂಟು ನೋಡ್ಲೇಬೇಕು, ಕನ್ನಡಕ್ಕೆ ಕಿಟೆಲ್ (1894), ಮರಾಠಿಗೆ ಮೋಲ್ಸ್‌ವರ್ತ್, ಎರಡೂ ನೆಟ್ಟಲ್ಲಿ ಫ್ರೀ ಸಿಗತ್ತೆ, ಕಿಟೆಲ್ ಅಂತೂ ಯಾವುದು ಯಾವುದರ ತದ್ಭವ ಅಂತ ಪದದ ಪಕ್ಕದಲ್ಲೇ ಗುರುತು ಹಾಕಿಟ್ಟಿದ್ದಾನೆ.